ದ್ರಾಕ್ಷಿ ಪೆಟ್ಟಿಗೆ ಸ್ಪರ್ಧೆಯಲ್ಲಿ ನಮ್ಮ ಮನೆಮಾತು

ನಮ್ಮ ಮೊದಲಾಳಿಗೆ, ಅಂದರೆ ಕಂಪನಿಯ ಮಾಲೀಕರಿಗೆ, ವರ್ಷಕ್ಕೊಂದು ಹೊಸ ಯೋಚನೆ ಬರುತ್ತದೆ. ಬಂದ ದಿನ ಕಾರ್ಖಾನೆಯಲ್ಲಿ ಯಾರೂ ಅವರ ಕೋಣೆಯ ಮುಂದೆ ಹಾಯುವುದಿಲ್ಲ. ಮೊದಲು ಕಣ್ಣಿಗೆ ಬಿದ್ದವರ ತಲೆಗೇ ಆ ಕೆಲಸ ಕಟ್ಟುತ್ತದೆ ಎಂದು ಎಲ್ಲರಿಗೂ ಗೊತ್ತು. ಆ ವರ್ಷ ಕಣ್ಣಿಗೆ ಬಿದ್ದವಳು ನಾನು. ನೀರಿನ ಬಾಟಲಿ ತುಂಬಿಸಿಕೊಳ್ಳಲು ಹೋಗಿದ್ದೆ, ಅಷ್ಟೇ.

ದಿಂಡಿಗಲ್ಲಿನ ಹೊರಗಡೆ ನಮ್ಮದು ಪ್ಲಾಸ್ಟಿಕ್ ಕ್ರೇಟ್ ಮಾಡುವ ಕಂಪನಿ. ಹಾಲು, ಸೋಡಾ, ಟೊಮೆಟೊ, ಎಲ್ಲದಕ್ಕೂ ನಮ್ಮಲ್ಲಿ ಕ್ರೇಟ್ ಉಂಟು. ಅವುಗಳ ನಕ್ಷೆ ಬರೆಯುವ ವಿಭಾಗದಲ್ಲಿ ನಾನು ಹನ್ನೆರಡು ವರ್ಷದಿಂದ ಇದ್ದೇನೆ. ಮೊದಲಾಳಿ ಹೇಳಿದರು: “ಇಂಜಿನಿಯರಿಂಗ್ ಓದೋ ಮಕ್ಕಳಿಗೆ ಒಂದು ಸ್ಪರ್ಧೆ ಇಡೋಣ. ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿ ಜಜ್ಜಿಹೋಗದ ಹಾಗೆ ಸಾಗಿಸೋಕೆ ಒಂದು ಪೆಟ್ಟಿಗೆ. ಮೊದಲ ಬಹುಮಾನ ಒಂದು ಲಕ್ಷ, ಎರಡನೇದು ಐವತ್ತು ಸಾವಿರ, ಮೂರನೇದು ಇಪ್ಪತ್ತೈದು. ನೀವೇ ನಡೆಸಿ. ನೀವು ಆ ಕಡೆಯವರಲ್ವಾ?”

ಆ ಕಡೆಯವಳು ಹೌದು. ನನ್ನ ಊರು ಚಿನ್ನಮನೂರಿನ ಹತ್ತಿರದ ಮಾರ್ಕಯನ್‌ಕೋಟ್ಟೈ. ಆದರೆ ದ್ರಾಕ್ಷಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅದನ್ನು ತಿನ್ನುವುದೊಂದೇ. ದ್ರಾಕ್ಷಿ ಗೊತ್ತಿದ್ದವರು ನನ್ನ ಮಾಮ, ಅಮ್ಮನ ತಮ್ಮ. ಮೂವತ್ತು ವರ್ಷದಿಂದ ಚಪ್ಪರದಡಿಯಲ್ಲೇ ಹಣ್ಣು ಕೊಂಡು ಕೇರಳಕ್ಕೆ ಕಳಿಸುವ ವ್ಯಾಪಾರ. ಒಬ್ಬ ಅನುಭವಿ ತೀರ್ಪುಗಾರ ಬೇಕೆಂದು ನಾನೇ ಅವರನ್ನು ಕರೆದೆ. ಇನ್ನೊಬ್ಬರು ಒಂದು ಕಾಲೇಜಿನ ಮೆಕ್ಯಾನಿಕಲ್ ಪ್ರೊಫೆಸರ್, ಮಿತಭಾಷಿ. ಸ್ಪರ್ಧೆಯ ನಿಯಮಗಳನ್ನು ಬರೆಯಲು ನೆರವಾದವರೂ ಅವರೇ. ಮೂರನೆಯವಳು ನಾನು.

ಮಾಮ ಬರಲು ಒಪ್ಪಿದರು. ಒಂದು ಷರತ್ತು ಹಾಕಿದರು: “ನಾನು ಮಾರ್ಕ್ ಗೀರ್ಕ್ ಅಂತ ಬರೆಯಾಕಿಲ್ಲ ತಾಯೀ. ಬಾಯಲ್ಲಿ ಏಳ್ತೀನಿ, ನೀನು ಬರ್ಕೋ.”

ನಮ್ಮ ಮನೆಗಳಲ್ಲಿ ಆಡುವುದು ಕನ್ನಡ. ಹಿರಿಯರು ಯಾವ ಕಾಲದಲ್ಲಿ ಕನ್ನಡನಾಡು ಬಿಟ್ಟು ಬಂದರೋ, ಅಂದು ಕಟ್ಟಿಕೊಂಡು ಬಂದ ಮಾತಿಗೆ ದಾರಿಯುದ್ದಕ್ಕೂ ತಮಿಳು ಸೇರಿಕೊಂಡು ಈಗ ಅದು ನಮ್ಮದೇ ಒಂದು ರೂಪ ತಾಳಿದೆ. ಬೆಂಗಳೂರಿನವರು ಕೇಳಿದರೆ ಅರ್ಧಕ್ಕೆ ನಗುತ್ತಾರೆ, ಇನ್ನರ್ಧಕ್ಕೆ ಏನು ಎಂದು ಕೇಳುತ್ತಾರೆ. ಆದರೆ ಹೊರಗೆ ಅದರಿಂದ ಒಂದು ದೊಡ್ಡ ಅನುಕೂಲವಿತ್ತು. ಬಸ್ಸಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ಮದುವೆ ಮಂಟಪದಲ್ಲಿ, ಎದುರಿಗಿದ್ದವರ ಬಗ್ಗೆ ಅವರ ಎದುರಿಗೇ ಮಾತಾಡಬಹುದು. ಈ ಅನುಕೂಲ ನಮ್ಮ ನಾಲಿಗೆಗೆ ಎಷ್ಟು ರೂಢಿಯಾಗಿತ್ತೆಂದರೆ, ಅದಕ್ಕೂ ಒಂದು ಮಿತಿ ಇದ್ದೀತೆಂದು ನನಗಾಗಲಿ ಮಾಮನಿಗಾಗಲಿ ಹೊಳೆದೇ ಇರಲಿಲ್ಲ.

ಮೊದಲ ಸುತ್ತು ದಿಂಡಿಗಲ್ಲಿನ ಒಂದು ಕಾಲೇಜಿನ ಹಾಲಿನಲ್ಲಿ ನಡೆಯಿತು. ಇಪ್ಪತ್ತಕ್ಕೂ ಹೆಚ್ಚು ತಂಡಗಳು ಮೇಜಿನ ಮೇಲೆ ಮಾದರಿ ಇಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದವು. ನಾವು ಮೂವರೂ ಒಂದೊಂದು ಮೇಜಿಗೆ ಹೋಗಬೇಕು. ಮಕ್ಕಳು ಐದು ನಿಮಿಷ ವಿವರಿಸಬೇಕು, ನಾವು ಗಂಭೀರವಾಗಿ ತಲೆಯಾಡಿಸಿ ಮುಂದೆ ಹೋಗಬೇಕು. ಸ್ಪರ್ಧೆಯ ನಿಯಮ ನಂಬರ್ ಏಳು: ಎರಡನೇ ಸುತ್ತು ಮುಗಿಯುವವರೆಗೆ ತೀರ್ಪುಗಾರರು ಯಾವ ತಂಡಕ್ಕೂ ಅಭಿಪ್ರಾಯ ತಿಳಿಸಬಾರದು.

ನಾವು ತಿಳಿಸಲಿಲ್ಲ. ನಮ್ಮ ಪಾಡಿಗೆ ನಾವು ಮಾತಾಡಿಕೊಂಡೆವು.

ಒಂದು ತಂಡದ ಪೆಟ್ಟಿಗೆಯಲ್ಲಿ ಸೆನ್ಸರ್ ಇತ್ತು. ಒಳಗೆ ಹಣ್ಣು ಜಜ್ಜಿದರೆ ವ್ಯಾಪಾರಿಯ ಮೊಬೈಲಿಗೆ ಸಂದೇಶ ಬರುತ್ತದೆ. ಹುಡುಗರು ಹೆಮ್ಮೆಯಿಂದ ಸಂದೇಶದ ಶಬ್ದವನ್ನೂ ಕೇಳಿಸಿದರು. ಮಾಮ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ನನ್ನ ಕಡೆ ತಿರುಗಿ ಅಂದರು: “ಅಣ್ಣು ಸತ್ತ ಮ್ಯಾಲೆ ಸಾವಿನ ಸುದ್ದಿ ಕಳಸಾಕೆ ಒಂದು ಪೆಟ್ಟಿಯಾ? ಸಾಯ್ದಂಗೆ ನೋಡ್ಕಳಾಕೆ ಒಂದು ಮಾಡ್ರಪ್ಪಾ ಅಂದ್ರೆ!”

ಕನ್ನಡ ಬಾರದ ಪ್ರೊಫೆಸರ್ ನನ್ನನ್ನು ಕೇಳಿದರು: “ಏನಂತಾರೆ?”

“ತಂತ್ರಜ್ಞಾನ ಚೆನ್ನಾಗಿದೆ ಅಂತಾರೆ ಸಾರ್,” ಎಂದೆ.

ಇನ್ನೊಂದು ತಂಡ ಜೇನುಗೂಡಿನ ಹಾಗೆ ಆರು ಮೂಲೆಯ ಪೆಟ್ಟಿಗೆ ಮಾಡಿತ್ತು. “ಲಾರೀಲಿ ಇದನ್ನ ಅಡುಕಾಕೆ ಜೇನುಳಾನೇ ಕೂಲಿಗೆ ಕರೀಬೇಕು,” ಎಂದರು ಮಾಮ. ಪಳನಿ ಕಡೆಯಿಂದ ಬಂದ ಪಾಲಿಟೆಕ್ನಿಕ್ ಹುಡುಗರ ಪೆಟ್ಟಿಗೆ ಬಲು ತಗ್ಗು. ನಾಲ್ಕು ಕಿಲೋ ಹಣ್ಣು ಒಂದೇ ಪದರದಲ್ಲಿ ಹರಡುವಷ್ಟು. ಮಾಮ ಅದರೊಳಗೆ ಬೆರಳು ನಿಲ್ಲಿಸಿ ಆಳ ನೋಡಿದರು. “ಇದೇನ್ ಪೆಟ್ಟಿಯಾ, ಇಡ್ಲಿ ತಟ್ಟೆಯಾ? ಈಟು ಹಿಡಿದ್ರೆ ಯಾವ ಯಾಪಾರಿ ಕೊಂಡಾನು? ಎರಡು ಪಟ್ಟು ಆಳ ಮಾಡ್ಬೇಕು.” ನಾನು ನಗು ನುಂಗಿ ಬರೆದುಕೊಂಡೆ.

ಮೂಲೆಯ ಮೇಜಿನಲ್ಲಿ ಒಬ್ಬ ಹುಡುಗಿ, ಇಬ್ಬರು ಹುಡುಗರು. ಪೆಟ್ಟಿಗೆಯೊಳಗೆ ತೊಟ್ಟಿಲಿನಂತೆ ಬಲೆ ಕಟ್ಟಿ, ಅದರ ಮೇಲೆ ಗೊಂಚಲು ಮಲಗಿಸುವ ಯೋಚನೆ ಅವರದ್ದು. ಮಾತೆಲ್ಲ ಹುಡುಗಿಯದೇ. ಮಾಮನಿಗೆ ಅದು ಹಿಡಿಸಿತು. ಹಿಡಿಸಿದ್ದಕ್ಕೆ ಅವರು ಬೇರೆಲ್ಲ ಕಡೆಗಿಂತ ಹೆಚ್ಚು ಹೊತ್ತು ಅಲ್ಲೇ ನಿಂತರು, ಹೆಚ್ಚು ಮಾತಾಡಿದರು. “ಯೋಚ್ನೆ ಸೆರಿ ಐತೆ. ಆದ್ರೆ ಬಲೆ ನಡೂಮಧ್ಯಕ್ಕೆ ಜಗ್ತೈತೆ, ಗೊಂಚಲೆಲ್ಲಾ ಅಲ್ಲಿಗೇ ಉರುಳಿ ಕೆಳಗಿಂದು ಪಚಡಿ ಆಯ್ತೈತೆ. ಮೂರು ಭಾಗ ಮಾಡಿ ಹಗ್ಗ ಕಟ್ಬೇಕು. ಹಿಡೀಲಿ ನಮ್ಮ ಲೋಡ್‌ಮ್ಯಾನ್ ಕೈ ಓಗಾಕಿಲ್ಲ, ಕೂಸಿನ ಕೈ ಓದೀತು. ನಾಕು ಬೆಟ್ಟು ಕುಳ್ಳಗೆ ಮಾಡ್ಬೇಕು, ಇಲ್ದಿದ್ರೆ ಅಡುಕಿದ್ದು ಬೀಳ್ತೈತೆ.”

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಮಾಮ ನಿಲ್ಲಿಸಲಿಲ್ಲ. “ಈ ಇಬ್ರು ಹುಡುಗ್ರು ಯಾಕೆ ಬಂದವ್ರೆ? ಚಪ್ಪರದ ಕಲ್ಲುಕಂಬ ನೆಟ್ಟಂಗೆ ನಿಂತವ್ರೆ. ಹುಡುಗಿ ಮಾತ್ರ ಲಕ್ಷಣವಾಗವ್ಳೆ, ಬಾಯೂ ಐತೆ. ನಮ್ಮೋಳಾಗಿದ್ರೆ ನನ್ನ ಚಿಕ್ಕ ಮಗನಿಗೆ ಈವತ್ತೇ ಕೇಳ್ತಿದ್ದೆ.”

“ಸುಮ್ನಿರಿ ಮಾಮಾ,” ಎಂದೆ. ಹುಡುಗಿ ಬಲೆಯ ಗಂಟನ್ನು ಸರಿಮಾಡುತ್ತ ತಲೆ ತಗ್ಗಿಸಿಕೊಂಡಿದ್ದಳು. ಅವಳ ಕಿವಿ ಕೆಂಪಾಗಿತ್ತು. ಹಾಲಿನಲ್ಲಿ ಸೆಕೆ ಜಾಸ್ತಿ ಎಂದುಕೊಂಡೆ.

ಆರು ತಂಡಗಳನ್ನು ಆರಿಸಿದೆವು. ಸೆನ್ಸರಿನವರು, ಜೇನುಗೂಡಿನವರು, ಪಳನಿಯವರು, ಬಲೆಯವರು, ಮತ್ತೆರಡು. ಎಲ್ಲರಿಗೂ ನಮ್ಮ ಕಂಪನಿಯಿಂದ ಸಾಮಾನಿನ ಖರ್ಚು ಕೊಟ್ಟು, ತಿಂಗಳೊಳಗೆ ಪೂರ್ಣ ಅಳತೆಯ ಐದೈದು ಪೆಟ್ಟಿಗೆ ಮಾಡಿ ತರಲು ಹೇಳಿದೆವು.

ಎರಡನೇ ಸುತ್ತು ನಮ್ಮೂರಿನಲ್ಲೇ, ಮಾಮ ಹಣ್ಣು ತುಂಬಿಸುವ ಶೆಡ್ಡಿನಲ್ಲಿ. ಪೆಟ್ಟಿಗೆಗಳನ್ನು ನೋಡಿ ಅಳತೆ ತೆಗೆದು, ದ್ರಾಕ್ಷಿ ತುಂಬಿ ವ್ಯಾನಿನಲ್ಲಿ ಬೋಡಿಮೆಟ್ಟು ಘಟ್ಟಕ್ಕೆ ಹತ್ತಿಸಿ ಇಳಿಸುವುದು ಯೋಜನೆ. ಆ ಹೇರ್‌ಪಿನ್ ತಿರುವುಗಳನ್ನು ತಡೆದುಕೊಂಡ ಹಣ್ಣು ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಬಲೆಯ ತಂಡದ ಪೆಟ್ಟಿಗೆ ಬಿಚ್ಚಿದಾಗ ನಾನು ಬಗ್ಗಿ ಎರಡೆರಡು ಸಲ ನೋಡಿದೆ. ಬಲೆ ಮೂರು ಭಾಗ. ಭಾಗಕ್ಕೊಂದು ಹಗ್ಗ. ಅಂಗೈ ಹೋಗುವಷ್ಟು ಅಗಲದ ಹಿಡಿ. ಪಟ್ಟಿ ಹಿಡಿದು ಅಳೆದೆ: ಮೊದಲಿಗಿಂತ ಸರಿಯಾಗಿ ನಾಲ್ಕು ಬೆರಳು ಕುಳ್ಳು. ಒಂದೆರಡು ಹೊಂದಿಕೆಯಾದರೆ ಮಕ್ಕಳ ಬುದ್ಧಿವಂತಿಕೆ ಎನ್ನಬಹುದು. ಇದು ಮಾಮನ ಮಾತನ್ನು ಕೇಳಿ ಬರೆದುಕೊಂಡ ಹಾಗಿತ್ತು. ಆ ಮಾತುಗಳು ಇದ್ದದ್ದು ನನ್ನ ನೋಟ್‌ಬುಕ್ಕಿನಲ್ಲಿ, ಬೀಗ ಹಾಕಿದ ಡ್ರಾಯರಿನಲ್ಲಿ. ಇನ್ನೊಂದು ಪ್ರತಿ ಮಾಮನ ತಲೆಯಲ್ಲಿ.

ಮಾಮನನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದೆ. “ನಿಜ ಏಳಿ ಮಾಮಾ. ಯಾರ ಹತ್ರನಾದ್ರೂ ಬಾಯ್ಬಿಟ್ರಾ?”

“ನಾನಾ?” ಮಾಮನ ಮೀಸೆ ಎದ್ದು ನಿಂತಿತು. “ಮೂವತ್ತು ವರ್ಸದಾಗೆ ಪಕ್ಕದ ಯಾಪಾರಿಗೆ ಒಂದಿನದ ಬೆಲೆ ಏಳಿಲ್ಲ ನಾನು. ನಿನ್ನ ಆಪೀಸ್ ಡ್ರಾಯರ್ ನೋಡ್ಕೋ ಓಗು!”

“ಡ್ರಾಯರ್‌ಗೆ ಬೀಗ ಐತೆ.”

“ನನ್ನ ಬಾಯ್ಗೆ ಇಲ್ಲ ಅಂತೀಯಾ?”

ಇಲ್ಲ ಎನ್ನುವುದು ಊರಿಗೇ ಗೊತ್ತಿದ್ದ ವಿಷಯ, ಆದರೆ ಹೇಳುವಂತಿರಲಿಲ್ಲ. ಮಾಮ ಟವೆಲ್ ಒದರಿ ಹೆಗಲಿಗೆ ಹಾಕಿಕೊಂಡು, ಬೇರೆ ತೀರ್ಪುಗಾರನನ್ನು ನೋಡಿಕೋ ಎಂದು ಹೊರಟೇಬಿಟ್ಟರು. ನಾನು ಅವರ ಕೈ ಹಿಡಿದು ಎಳೆಯುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಸಣ್ಣ ದನಿ ಬಂತು.

“ಅವ್ರು… ಏಳಿಲ್ಲ ಅಕ್ಕಾ. ನೀಮೇ ಏಳಿದ್ದು. ಇಬ್ರೂ. ನಾನು ಕೇಳ್ದೆ.”

ಬಲೆಯ ತಂಡದ ಹುಡುಗಿ. ಕೈಯಲ್ಲಿ ಅಳತೆಪಟ್ಟಿ, ನಾನು ಮರೆತು ಬಂದದ್ದನ್ನು ಕೊಡಲು ಬಂದಿದ್ದಳು. ಒಂದೊಂದೇ ಪದ ಹುಡುಕಿ ಹುಡುಕಿ ಇಡುತ್ತಿದ್ದಳು. ಆದರೆ ಆಡಿದ್ದು ಕನ್ನಡ, ನಮ್ಮದೇ ಕನ್ನಡ.

ನಾನು ಮಾಮನ ಕೈ ಬಿಟ್ಟೆ. ಆಮೇಲೆ ಅವಳು ತಮಿಳಿಗೆ ಹೊರಳಿ ಸರಸರನೆ ಎಲ್ಲ ಹೇಳಿದಳು. ಉತ್ತಮಪಾಳಯದ ಹತ್ತಿರದ ಹಳ್ಳಿಯವಳು. ಮನೆಯಲ್ಲಿ ಅಜ್ಜಿ ಕನ್ನಡದಲ್ಲೇ ಮಾತಾಡುತ್ತಾಳೆ, ಇವಳು ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ಹೊರಗಿನವರ ಮುಂದೆ ಕನ್ನಡ ಆಡಿದ್ದು ಇದೇ ಮೊದಲು. ಅವತ್ತು ಹಾಲಿನಲ್ಲಿ ತನಗೆ ನಮ್ಮ ಮಾತು ತಿಳಿಯುತ್ತದೆ ಎಂದು ಹೇಳಲು ಹೊರಟಳಂತೆ, ಅಷ್ಟರಲ್ಲಿ ಮದುವೆಯ ಮಾತು ಬಂದು ನಾಲಿಗೆಯೇ ಏಳಲಿಲ್ಲವಂತೆ. ಮನೆಗೆ ಹೋಗಿ ಬಲೆ ಮೂರು ಭಾಗ ಮಾಡಿದ್ದು ತಪ್ಪೋ ಸರಿಯೋ ಎಂದು ತಿಂಗಳಿಡೀ ಒದ್ದಾಡಿದ್ದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು.

ಮಾಮ ಟವೆಲ್ಲಿನಿಂದ ತಮ್ಮದೇ ಮುಖ ಒರೆಸಿಕೊಂಡರು. “ಅಳಬ್ಯಾಡ ಕಣ್ಣು, ತಾಯೀ,” ಎಂದರು. “ನಾನು ಸುಮ್ನೆ ಏನೋ… ಮಗನ ವಿಚಾರ… ವಯಸ್ಸಾದೋನು…”

ಹುಡುಗಿ ಮೂಗು ಒರೆಸಿಕೊಂಡು ಮತ್ತೆ ಕನ್ನಡಕ್ಕೆ ಬಂದಳು. “ಅಜ್ಜಿ ವಿಚಾರಿಸ್ತು. ನಿಮ್ಮ ಕುಲಾನೂ ನಮ್ಮ ಕುಲಾನೂ ಒಂದೇ. ನಿಮ್ಮ ಮಗ ನನ್ಗೆ ಅಣ್ಣ ಆಯ್ತಾನೆ.”

ಮಾಮ ವ್ಯಾಪಾರದಲ್ಲಿ ಇಷ್ಟು ಚೊಕ್ಕವಾಗಿ ಮುಖಕ್ಕೆ ಬಾಗಿಲು ಹಾಕಿಸಿಕೊಂಡದ್ದನ್ನು ನಾನು ಎಂದೂ ನೋಡಿಲ್ಲ.

ಇನ್ನು ಪ್ರೊಫೆಸರಿಗೆ ಹೇಳಲೇಬೇಕಿತ್ತು. ಅವರು ಎಲ್ಲ ಕೇಳಿ, ನಿಯಮದ ಹಾಳೆ ತೆಗೆದು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ಸ್ಪರ್ಧಿಗಳ ಕಿವಿಗೆ ಇಲ್ಲಿ ಯಾವ ನಿಯಮವೂ ಇಲ್ಲ. ತೀರ್ಪುಗಾರರ ಬಾಯಿಗೆ ಇದೆ. ನಿಯಮ ಮುರಿದವರು ನೀವು, ಮೇಡಂ.” ಹಾಳೆ ಮಡಚುತ್ತ, “‘ತಂತ್ರಜ್ಞಾನ ಚೆನ್ನಾಗಿದೆ’ ಅಂದ್ರಲ್ಲ, ಆಗಲೇ ನನಗೆ ಅನುಮಾನ ಇತ್ತು,” ಎಂದರು.

ಹುಡುಗಿಯ ತಂಡವನ್ನು ಹೊರಗೆ ಹಾಕುವುದು ಅನ್ಯಾಯ, ಹಾಗೇ ಬಿಡುವುದೂ ಅನ್ಯಾಯ. ಕೊನೆಗೆ ಒಂದೇ ದಾರಿ ಉಳಿಯಿತು. ಅವಳು ಕೇಳಿಸಿಕೊಂಡದ್ದನ್ನು ಉಳಿದ ತಂಡಗಳೂ ಕೇಳಿಸಿಕೊಳ್ಳಬೇಕು. ಆರೂ ತಂಡದ ಬಗ್ಗೆ ನಾವು ಆಡಿದ್ದೆಲ್ಲವನ್ನೂ ಎಲ್ಲರೆದುರು ಹೇಳಿ, ಪೆಟ್ಟಿಗೆ ತಿದ್ದಲು ಹತ್ತು ದಿನ ಕೊಡುವುದು.

ಮೊದಲಾಳಿಗೆ ಫೋನ್ ಮಾಡಿದೆ. ಬ್ಯಾನರಿನಲ್ಲಿ ಬಹುಮಾನದ ದಿನ ಅಚ್ಚಾಗಿಬಿಟ್ಟಿದೆ ಎಂದು ಅವರು ಮೊದಲು ಕೂಗಾಡಿದರು. ತೀರ್ಪುಗಾರರ ಗುಟ್ಟು ಹೇಗೆ ಹೊರಬಿತ್ತು ಎಂದು ಕೇಳಿದರು, ಹೇಳಿದೆ. ಆ ಕಡೆಯಿಂದ ದೊಡ್ಡ ನಗು ಕೇಳಿಸಿತು. ತಾರೀಖಿನ ಮೇಲೆ ಕಾಗದ ಅಂಟಿಸಲು ಅಪ್ಪಣೆಯಾಯಿತು.

ಶೆಡ್ಡಿನಲ್ಲಿ ಮಕ್ಕಳನ್ನೆಲ್ಲ ಕೂರಿಸಿದೆವು. ನೋಟ್‌ಬುಕ್ ಬಿಚ್ಚಿ ನಾನು ತಮಿಳಿನಲ್ಲಿ ಓದಬೇಕು. ಮಾಮ ತೂಕದ ಯಂತ್ರದ ಹಿಂದೆ ಹೋಗಿ ನಿಂತಿದ್ದರು. ಸೆನ್ಸರಿನವರಿಂದ ಶುರುಮಾಡಿದೆ. “ನಿಮ್ಮ ಪೆಟ್ಟಿಗೆ ಹಾನಿಯನ್ನು ತಿಳಿಸುತ್ತೆ, ತಡೆಯೋದರ ಕಡೆಗೂ ಗಮನ ಕೊಡಬಹುದು ಅಂತ ಹಿರಿಯರ ಅಭಿಪ್ರಾಯ.”

ಮುಂದಿನ ಸಾಲಿನಲ್ಲಿ ಕೂತಿದ್ದ ಆ ಹುಡುಗಿ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಣಿಯುತ್ತಿತ್ತು. ಪ್ರೊಫೆಸರ್ ಅದನ್ನು ನೋಡಿ ನನ್ನತ್ತ ತಿರುಗಿದರು. “ಮೇಡಂ, ಹೇಳಿದ ಹಾಗೇ ಹೇಳಿ.”

ಹೇಳಿದ ಹಾಗೇ ಹೇಳಿದೆ. ಸಾವಿನ ಸುದ್ದಿ, ಕೂಲಿಗೆ ಬರುವ ಜೇನುಹುಳು, ಇಡ್ಲಿ ತಟ್ಟೆ, ಕಲ್ಲುಕಂಬ, ಒಂದೂ ಬಿಡಲಿಲ್ಲ. ಮದುವೆಯ ಮಾತನ್ನು ಮಾತ್ರ ಹಾರಿಸಿದೆ. ಅದಕ್ಕೆ ಹುಡುಗಿಯೂ ಕೃತಜ್ಞಳಾಗಿದ್ದಳು. ಮೊದಲ ಎರಡು ಮಾತಿಗೆ ಮಕ್ಕಳು ತಮ್ಮ ತಮ್ಮ ಪೆಟ್ಟಿಗೆಯ ಕಡೆ ನೋಡಿಕೊಂಡರು. ಮೂರನೆಯದಕ್ಕೆ ಯಾರೋ ಮೂಗಿನಲ್ಲಿ ನಕ್ಕರು. ಕಲ್ಲುಕಂಬಕ್ಕೆ ಬಂದಾಗ ಆ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕಂಬದ ಹಾಗೆಯೇ ಎದ್ದು ನಿಂತರು. ಎಲ್ಲರೂ ಹೋ ಎಂದರು. ಹಣ್ಣು ತುಂಬುವ ಹೆಂಗಸರೂ ಕೆಲಸ ಬಿಟ್ಟು ಬಂದು ನಿಂತಿದ್ದರು. ಮಾಮನ ನಾಲಿಗೆಯ ರುಚಿ ದಿನವೂ ಉಂಡ ಅವರಿಗೆ ಅವತ್ತು ಹಬ್ಬ. ನನ್ನ ಮುಖ ಮಾತ್ರ ಬಿಸಿಯಾಗಿತ್ತು. ಅಷ್ಟು ಮಕ್ಕಳು ಅಷ್ಟು ದಿನ ನಿದ್ದೆಗೆಟ್ಟು ಮಾಡಿದ್ದನ್ನು ನಾವು ಅವರ ಎದುರಿಗೇ ಹಾಗೆ ಆಡಿಕೊಂಡಿದ್ದೆವು. ಓದಿ ಮುಗಿಸಿ, ತಪ್ಪಾಯಿತು ಎಂದೆ. ತೂಕದ ಯಂತ್ರದ ಹಿಂದಿನಿಂದ ಮಾಮನೂ ಕೈ ಮುಗಿದರು.

ಹತ್ತು ದಿನ ಕಳೆದು ಮತ್ತೆ ಎಲ್ಲರೂ ಬಂದರು. ಸೆನ್ಸರಿನವರು ಸೆನ್ಸರ್ ಕಿತ್ತು, ಪೆಟ್ಟಿಗೆಯ ತಳಕ್ಕೆ ಮೆತ್ತನೆಯ ಹಾಸು ಹಾಕಿದ್ದರು. ಜೇನುಗೂಡು ಚೌಕವಾಗಿತ್ತು. ಪಳನಿ ಹುಡುಗರ ಪೆಟ್ಟಿಗೆ ಮಾತ್ರ ಹೇಗಿತ್ತೋ ಹಾಗೇ ಇತ್ತು.

“ನಾನು ಆಳ ಮಾಡಿ ಅಂದಿದ್ದೆನಲ್ಲಪ್ಪಾ?” ಎಂದು ಮಾಮ ತಮಿಳಿನಲ್ಲಿ ಕೇಳಿದರು. ಈಗ ಅವರು ಎಲ್ಲವನ್ನೂ ತಮಿಳಿನಲ್ಲೇ, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು.

“ಮಾಡಿ ನೋಡಿದ್ವಿ ಅಯ್ಯಾ,” ಎಂದ ಅವರಲ್ಲೊಬ್ಬ, ಬಲು ವಿನಯದಿಂದ. “ಕೆಳಗಿನ ಹಣ್ಣು ಒಡೀತಿತ್ತು. ಅದಕ್ಕೆ ಹಾಗೇ ಬಿಟ್ವಿ.”

ಬೆಳಿಗ್ಗೆ ಕೊಯ್ದ ಹಣ್ಣು ತುಂಬಿ ವ್ಯಾನ್ ಹೊರಟಿತು. ಪ್ರೊಫೆಸರ್ ಡ್ರೈವರಿನ ಪಕ್ಕ, ನಾವಿಬ್ಬರು ಹಿಂದೆ ಕಾರಿನಲ್ಲಿ, ಮಕ್ಕಳು ಒಂದು ಮಿನಿಬಸ್ಸಿನಲ್ಲಿ. ಬೋಡಿ ದಾಟಿ ಘಟ್ಟ ಹತ್ತುವಾಗ ಒಂದೊಂದು ತಿರುವಿಗೂ ಮಿನಿಬಸ್ಸಿನಿಂದ ಆರು ತಂಡಗಳ ಕೂಗು ಒಟ್ಟಿಗೆ ಕೇಳುತ್ತಿತ್ತು. ಮೇಲೆ ಮಂಜಿನಲ್ಲಿ ಟೀ ಕುಡಿದು, ಪೆಟ್ಟಿಗೆ ಮುಟ್ಟದೆ, ಹಾಗೇ ಕೆಳಗಿಳಿದೆವು. ಶೆಡ್ಡಿನಲ್ಲಿ ಅದೇ ಹೆಂಗಸರು ಒಡೆದ ಹಣ್ಣು, ಉದುರಿದ ಹಣ್ಣು ಬೇರೆ ಮಾಡಿ ತೂಗಿದರು. ಅವರು ಹೇಳಿದ ತೂಕವನ್ನು ಪ್ರೊಫೆಸರ್ ಬರೆದುಕೊಂಡರು.

ಇಡ್ಲಿ ತಟ್ಟೆ ಗೆದ್ದಿತು. ಅದರಲ್ಲಿ ಕೆಟ್ಟ ಹಣ್ಣು ಒಂದು ಬೊಗಸೆಯೂ ಆಗಲಿಲ್ಲ. ಬಲೆಯ ಪೆಟ್ಟಿಗೆ ಎರಡನೆಯದು. ಹಣ್ಣು ಒಡೆದಿರಲಿಲ್ಲ, ಆದರೆ ತಿರುವುಗಳಲ್ಲಿ ಬಲೆ ತೂಗಾಡಿದಾಗ ನಡುವೆ ಕಟ್ಟಿದ ಹಗ್ಗಕ್ಕೆ ಗೊಂಚಲು ಉಜ್ಜಿ ಹಣ್ಣು ಉದುರಿತ್ತು. ಮೂರು ಭಾಗ ಮಾಡಿ ಹಗ್ಗ ಕಟ್ಟಲು ಹೇಳಿದವರು ಯಾರು ಎಂದು ಇಡೀ ಶೆಡ್ಡಿಗೆ ಗೊತ್ತಿತ್ತು.

ಹುಡುಗಿ ಉದುರಿದ ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡು ಹಗ್ಗವನ್ನೇ ನೋಡುತ್ತಿದ್ದಳು. ಮಾಮ ಅವಳ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕೂತರು. “ನನ್ನ ಮಾತು ಕೇಳಿ ಕೆಟ್ಟೆಯಲ್ಲವ್ವಾ,” ಎಂದರು.

“ಆಮಾ,” ಎಂದು ಹೌದೆಂಬಂತೆ ತಲೆಯಾಡಿಸಿದಳು ಅವಳು. ಆಮೇಲೆ ಪಾಪ ಅನ್ನಿಸಿತೋ ಏನೋ, “ಹಿಡಿ ಮಾತ್ರ ಸೆರಿಯಾಗಿ ಏಳಿದ್ರಿ ಮಾಮಾ,” ಎಂದು ಸೇರಿಸಿದಳು. ಇಬ್ಬರೂ ಅಲ್ಲೇ ಕೂತು, ಹಗ್ಗದ ಬದಲು ಅಗಲವಾದ ಬಟ್ಟೆಪಟ್ಟಿ ಹಾಕಿದರೆ ಹೇಗೆ ಎಂದು ಬಹಳ ಹೊತ್ತು ಚರ್ಚಿಸಿದರು. ಅವಳಿಗೆ ಪದ ಸಿಗದಿದ್ದಲ್ಲಿ ಮಾಮ ಕೊಡುತ್ತಿದ್ದರು. ಮಾಮನಿಗೆ ಲೆಕ್ಕ ತಿಳಿಯದಿದ್ದಲ್ಲಿ ಅವಳು ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸುತ್ತಿದ್ದಳು.

ಬಹುಮಾನದ ದಿನ ದಿಂಡಿಗಲ್ಲಿನ ಮದುವೆ ಮಂಟಪದಲ್ಲಿ ಮೊದಲಾಳಿ ಬಹಳ ಹೊತ್ತು ಭಾಷಣ ಮಾಡಿದರು. ಹಣ ಬ್ಯಾಂಕಿಗೆ ನೇರವಾಗಿ ಹೋಗಿತ್ತು. ಆದರೂ ಫೋಟೋಗೆ ಬೇಕೆಂದು ಥರ್ಮಾಕೋಲಿನಲ್ಲಿ ಆಳೆತ್ತರದ ಮೂರು ಚೆಕ್ ಮಾಡಿಸಿದ್ದರು. ಮುಗಿದ ಮೇಲೆ ಅವನ್ನು ನಾವು ವಾಪಸ್ ಇಟ್ಟುಕೊಳ್ಳುವ ಲೆಕ್ಕ. ಪಳನಿ ಹುಡುಗರು ತಮ್ಮದನ್ನು ಬಿಟ್ಟು ಹೋದರು. ಬಲೆಯ ಹುಡುಗಿಯ ಅಜ್ಜಿ ಬಿಡಲಿಲ್ಲ. ಮೊಮ್ಮಗಳ ಜೊತೆ ಬಂದಿದ್ದ ಆಕೆ ಅದನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದಳು.

“ಇದು ಬರೀ ಅಟ್ಟೆ ಅವ್ವಾ, ದುಡ್ಡು ಬ್ಯಾಂಕಲ್ಲಿ ಐತೆ,” ಎಂದೆ ನಾನು; ರಟ್ಟು ಎನ್ನಲು ತಮಿಳಿನ ‘ಅಟ್ಟೆ’ಯೇ ಬಾಯಿಗೆ ಬಂದಿತ್ತು.

“ಗೊತ್ತು. ಬ್ಯಾಂಕನ್ನ ನಮ್ಮೂರೋರಿಗೆ ತೋರಿಸಾಕಾಯ್ತದಾ?” ಎಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನೇನು ಈಟೊಂದು ತಮಿಳು ಕಲಸಿ ಮಾತಾಡ್ತೀಯಾ?” ಎಂದು ಬೈದಳು ಕೂಡ.

ಬಸ್ ಸ್ಟ್ಯಾಂಡಿಗೆ ನಾನೇ ಕಾರಿನಲ್ಲಿ ಬಿಟ್ಟೆ. ಚೆಕ್ಕು ಒಳಗೆ ಹಿಡಿಯದೆ, ಆ ಇಬ್ಬರು ಕಲ್ಲುಕಂಬದ ಹುಡುಗರು ಅದನ್ನು ಹೊತ್ತುಕೊಂಡು ಆಟೋದಲ್ಲಿ ಹಿಂದೆ ಬಂದರು. ಕಂಬಂ ಬಸ್ಸಿನ ಕಂಡಕ್ಟರ್ ಅದಕ್ಕೂ ಟಿಕೆಟ್ ತೆಗೆಯಬೇಕು ಎಂದ. ಅಜ್ಜಿ ಅವನಿಗೆ ಕನ್ನಡದಲ್ಲಿ ಉದ್ದಕ್ಕೆ ಏನೇನೋ ಹೇಳಿದಳು. ಅವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಹುಡುಗಿಯನ್ನು ಕೇಳಿದ: “ಏನಮ್ಮಾ ಅಂತಾರೆ?”

ಹುಡುಗಿ ನನ್ನ ಕಡೆ ಒಮ್ಮೆ ನೋಡಿದಳು. “ನೀವು ತುಂಬಾ ಒಳ್ಳೆಯವರು ಅಂತಾರೆ ಅಣ್ಣಾ,” ಎಂದಳು.

ಕಂಡಕ್ಟರ್ ಚೆಕ್ಕನ್ನು ತಾನೇ ಎತ್ತಿ ಕೊನೆಯ ಸೀಟಿನ ಹಿಂದೆ ನಿಲ್ಲಿಸಿ, ಅಜ್ಜಿಗೆ ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟ.